ಹಗಲಿನ ಆಶ್ರಯ

ವೃದ್ಧರನ್ನು ಹಗಲು ಹೊತ್ತು ಅನ್ಯರ ವಶಕ್ಕೆ ಒಪ್ಪಿಸುವುದೆಂದರೆ ನಮ್ಮ ಗೃಹಸ್ಥರಿಗೆ ಲೋಕಾಪವಾದದ ಭಯ. ತಟ್ಟೆಯಲ್ಲಿ ಅನ್ನ ಮುಚ್ಚಿಟ್ಟು, ಬಾಗಿಲೆಳೆದುಕೊಂಡು ಕೆಲಸಕ್ಕೆ ಹೊರಡುವುದಕ್ಕೆ ಮಾತ್ರ ಯಾವ ಅಪವಾದವೂ ಇಲ್ಲ!

ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೀಣೀಯರ ಕೇರಿಯಲ್ಲಿಯೂ ಇದೇ ಸಂಕಟವಿದ್ದಿತು. ವೃದ್ಧರನ್ನು ಶುಶ್ರೂಷಾಲಯಕ್ಕೆ ಸೇರಿಸಲು ಮಕ್ಕಳಿಗೆ ಮನಸ್ಸೊಪ್ಪದು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಅಲ್ಲಿ 1973ರಲ್ಲಿ ‘ಆನ್ ಲೋಕ್’ ಎಂಬ ಸಂಸ್ಥೆಯು ಹಗಲಿನ ಆರೋಗ್ಯಕೇಂದ್ರವೊಂದನ್ನು ತೆರೆಯಿತು. ಆ ಹೆಸರಿಗೆ ಅವರ ನುಡಿಯಲ್ಲಿ ಶಾಂತಿ, ಸಂತೋಷ ಎಂದರ್ಥ. ಬೆಳಗ್ಗೆ ವಾಹನದಲ್ಲಿ ಪ್ರಯಾಣ, ಬಿಸಿಯೂಟ, ವೈದ್ಯರ ಪರೀಕ್ಷೆ, ಅಂಗಸಾಧನೆ, ಸಮವಯಸ್ಕರೊಡನೆ ಹರಟೆ, ಸಂಜೆಗೆ ಸ್ವಗೃಹ.

ಇವುಗಳಲ್ಲಿ ಹರಟೆಯೇ ಮಿಗಿಲೆಂದು ನನ್ನ ಮತ. ಹಾಸಿಗೆಯಲ್ಲಿಯೇ ದಿನ ಕಳೆಯುವ ವೃದ್ಧರ ಕಾಲಿನ ಮಾಂಸಖಂಡಗಳು ಶೀಘ್ರವಾಗಿ ಕೃಶವಾಗುವುವು; ನಡೆಯಿರೆಂದು ವೈದ್ಯರು ಹೇಳಿದರೆ ಸಾಲದು, ಮಡಿ ಬಟ್ಟೆಯುಟ್ಟು ಹೊಸಲು ದಾಟಲು ನಿಮಿತ್ತವೊಂದು ಬೇಕಷ್ಟೆ. ನಿನ್ನೆ ಅರ್ಧಕ್ಕೆ ನಿಂತ ವಾದಕ್ಕಿಂತ ಬಲವಾದ ನಿಮಿತ್ತವುಂಟೆ?

ಬೆಂಗಳೂರಿನಲ್ಲಿಯೂ ಇಂತಹ ಕೇಂದ್ರಗಳುಂಟು. ಹಿರಿಯರನ್ನು ಸೇರಿಸುವ ಮುನ್ನ ಒಂದು ಮಧ್ಯಾಹ್ನ ತಾವೇ ಹೋಗಿ ಊಟದ ಪಂಕ್ತಿಯನ್ನು ನೋಡಿರಿ. ಸಾರಿಗೆ ಉಪ್ಪು ಸಾಲದೆಂದು ಗದರುವ ಮುದುಕರೊಬ್ಬರಾದರೂ ಅಲ್ಲಿ ಇರುವರೋ ಎಂಬುದನ್ನು ಗಮನಿಸಿರಿ.