ಕಣದ ಹಬ್ಬಕ್ಕೆ ನಮ್ಮ ಕಡೀ ಶರಣು

ಹಾಸ್ಟೆಲಿನ ಗೆಳೆಯರೆ,

ನವಲಗುಂದ, ಅಣ್ಣಿಗೇರಿ ಸೀಮೆಯ ಎರಿ ಹೊಲದಾಗ ಈಗ ಕಣ ಮಾಡುವವರು ಕಡಿಮೆ. ಹಂತಿ ಕಟ್ಟಲು ಎತ್ತಿಲ್ಲ, ಮೇಟಿ ನೆಡಲು ಆಳಿಲ್ಲ. ಮಷಿನ್ ಬಂದು ಜೋಳ ಒಕ್ಕಿ ಹೋಗತೈತಿ. "ಎಲ್ಲಾರೂ ಕೂಡಿ ಮಾಡತಿದ್ದ ಸುಗ್ಗಿ ಹಬ್ಬ ಮುಗೀತು" ಎಂದು ಊರ ಹಿರಿಯರು ಕಟ್ಟೆಯ ಮೇಲೆ ಕೂತು ಮರುಗುತ್ತಾರೆ.

ನಾವು ಕೇಳುತ್ತೇವೆ: ಎಲ್ಲಾರೂ ಅಂದರೆ ಯಾರು?

ಪಗಾರ ಇಲ್ಲದೆ, ಮನಸ್ಸಿನಿಂದ ದುಡಿದು ಮಾಡಿದ ಹಬ್ಬ ಅಂತಾರ. ಹೊಲದ ಧಣಿಗೆ ಅದು ಖರೆ. ನಮ್ಮ ಕೇರಿಯ ಮನಸ್ಸನ್ನು ಕೇಳಿದವರು ಯಾರು? ಜೋಳ ಕಿತ್ತು ತೆನಿ ಮುರಿದವಳು ನಮ್ಮವ್ವ. ರಾತ್ರಿ ಕಣ ಕಾಯ್ದವ ನಮ್ಮ ಕಾಕಾ. ಹಲಗಿ ಬಡಿದವ ನಮ್ಮಪ್ಪ. ರಾಶಿ ಪೂಜೆಯ ಹೊತ್ತಿಗೆ ಮೂವರೂ ದೂರ! ಮುಟ್ಟಿದರ ಮೈಲಿಗಿ. ತೆನಿ ಮುರಿಯುವಾಗ ಈ ಮೈಲಿಗಿ ಎಲ್ಲಿ ಹೋಗಿತ್ತು? ಕಡೆಗೆ ಕಣದ ಬುಡದ ಮಣ್ಣು ಬೆರೆತ ಕಾಳು ನಮ್ಮವ್ವನ ಸೆರಗಿಗೆ. ಹಲಗಿಗೆ ಹೋಗದಿದ್ದರೆ ಅದೂ ಇಲ್ಲ, ಮುಂದಿನ ವರ್ಷ ಕೂಲಿಯೂ ಇಲ್ಲ. ಇದು ಸೇವೆಯಲ್ಲ, ಬಿಟ್ಟಿ.

ಈ ಕಾಳಿನ ಗುಟ್ಟನ್ನು ಬಾಬಾಸಾಹೇಬರು ಆಗಲೇ ಬಿಚ್ಚಿಟ್ಟಿದ್ದರು. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದ ಕಾಲ. 1874ರ ವತನ ಕಾಯ್ದೆಯನ್ನು ತಿದ್ದಲು 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ಚಾಕರಿ ಸರಕಾರದ್ದು, ಹೊಟ್ಟೆಗೆ ಮಾತ್ರ ಊರವರ ಕಾಳು. ಹಿಂಗಿದ್ದರೆ ಊರವರ ಮರ್ಜಿ ಕಾಯುವುದು ತಪ್ಪದು ಎಂಬುದು ಅವರ ವಾದ. ಆ ಮಸೂದೆ ಕಾನೂನಾಗಲಿಲ್ಲ. ನಮ್ಮ ರಾಜ್ಯದಲ್ಲಿ ಊರ ವತನಗಳು ರದ್ದಾದದ್ದು 1961ರ ಕಾಯ್ದೆಯಿಂದ. ಜೀತ ರದ್ದಾದದ್ದು 1976ರ ಕಾಯ್ದೆಯಿಂದ. ಕಾಗದದ ಮೇಲೆ ಎಲ್ಲಾ ಮುಗೀತು. ಕಣದಾಗ ಹಲಗಿ ನಿಲ್ಲಲಿಲ್ಲ.

ಹಂಗಂತ ಮಷಿನ್ ನಮ್ಮ ಉದ್ಧಾರಕ ಅಲ್ಲ. ಬಿಟ್ಟಿಯ ಜೊತೆ ಕೂಲಿಯನ್ನೂ ಅದು ನುಂಗಿತು. ಕೇರಿಯವರು ಗಂಟು ಕಟ್ಟಿ ಗೋವಾಕ್ಕೆ ಬಸ್ ಹತ್ತುತ್ತಾರೆ. ರಾಶಿ ಅಂದೂ ಧಣಿಯ ಮನೆಗೆ, ಇಂದೂ ಧಣಿಯ ಮನೆಗೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಒಡೆಯನಾದ. ಗೇಣಿಯೂ ಇಲ್ಲದ ಕೂಲಿಯವನ ಪಾಲಿಗೆ ಎಷ್ಟು ಬಂತು?

ಖರೆ ಹೇಳಬೇಕಂದರ ನಮಗೂ ಸಂಕಟ ಐತಿ. ಬೆಳದಿಂಗಳಾಗ ಹಂತಿಯ ಹಾಡು ಕೇಳುತ್ತ ಅವ್ವನ ತೊಡೆಯ ಮೇಲೆ ನಿದ್ದೆ ಹೋದವರು ನಾವು. ಆ ಹಾಡು ಬೇಕು. ಆ ದೂರ ನಿಲ್ಲೋದು ಬ್ಯಾಡ.

ಗೆಳೆಯರೆ, ಸೂಟಿಗೆ ಊರಿಗೆ ಹೋಗ್ರಿ. ಅವ್ವ ಬಡಿದ ರೊಟ್ಟಿ ಉಣ್ರಿ. "ಹಳೇ ಹಬ್ಬ ಮತ್ತ ಮಾಡತೇವಿ, ಹಲಗಿ ತರ್ರಿ" ಎಂದು ಕರೆ ಬಂದರ ಎರಡು ಮಾತು ಕೇಳ್ರಿ. ರಾಶಿ ಮುಟ್ಟಾಕ ಬಿಡತೀರೇನು? ಒಂದ ಪಂಕ್ತಿಯಾಗ ಕೂತು ಉಣ್ಣತೀರೇನು? ಉತ್ತರ ಬರದಿದ್ದರ ಹಲಗಿ ಕೇರಿಯಾಗ ಇರಲಿ. ಏಪ್ರಿಲ್ 14ಕ್ಕ ಬಡಿಯೋಣ.

ಇನ್ನೊಂದು ಕೆಲಸ ಮಾಡ್ರಿ. ಅಜ್ಜನ ಪೆಟ್ಟಿಗಿ ತೆಗೆದು ಕಾಗದ ಓದ್ರಿ. ಸರಕಾರ ಮಂಜೂರು ಮಾಡಿದ ಹೊಲ ಕಾನೂನು ಮೀರಿ ಮಾರಾಟವಾಗಿ ಕೈ ತಪ್ಪಿದ್ದರ 1978ರ ಪಿಟಿಸಿಎಲ್ ಕಾಯ್ದೆ ಐತಿ, ಉಪವಿಭಾಗಾಧಿಕಾರಿಗೆ ಅರ್ಜಿ ಕೊಡ್ರಿ. ಅರ್ಜಿಗೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳೈತಿ, ಆದರೂ ತಡ ಮಾಡಬ್ಯಾಡ್ರಿ.

ಹಳೇ ಹಬ್ಬಕ್ಕೆ ಶರಣು. ನಮ್ಮ ಹೊಲದಾಗ ನಮ್ಮ ರಾಶಿ ಬಿದ್ದ ದಿನ ಹೊಸಾ ಹಬ್ಬ.

ಜೈ ಭೀಮ್!