ಏಳು ಒಂದಾದ ಕಥೆ

ತಂಗಿ ಮದುವೆ ಕಾರ್ಡಿನ ಇಂಗ್ಲಿಷ್ ಭಾಗಕ್ಕೆ ಫಾಂಟ್ ಆರಿಸಿದ್ದು ನಾನೇ. ಬಳ್ಳಿ ಹಬ್ಬಿದ ಹಾಗೆ ಒಂದಕ್ಕೊಂದು ಹೆಣೆದುಕೊಂಡ ಅಕ್ಷರ, ಕೂದಲೆಳೆಯಷ್ಟು ತೆಳು ಗೆರೆ. ಪಿಡಿಎಫ್ ನೋಡಿ ಮನೆಯವರೆಲ್ಲ ‘ಎಷ್ಟು ಚೆಂದ!’ ಅಂದ್ರು. ಗೋಲ್ಡ್ ಫಾಯಿಲ್‌ನಲ್ಲಿ ಅಚ್ಚಾಗಿ ಬಂದಾಗ ವಿಳಾಸದ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ. 7ನೇ ಕ್ರಾಸ್‌ನ ಏಳಕ್ಕೆ ತಲೆಗೆರೆಯೇ ಮೂಡಿರಲಿಲ್ಲ, ನೋಡಿದ್ರೆ ಒಂದು. ದಾವಣಗೆರೆಯಿಂದ ರಾತ್ರಿ ಬಸ್ಸಲ್ಲಿ ಬಂದ ಸೋದರಮಾವ 1ನೇ ಕ್ರಾಸಲ್ಲಿ ಛತ್ರ ಹುಡುಕ್ತಾ ಅಲೆದರು. ಮುಹೂರ್ತದ ಗಡಿಬಿಡಿಯಲ್ಲಿ ನಮ್ಮ ಯಾರ ಕೈಯಲ್ಲೂ ಫೋನಿರಲಿಲ್ಲ. ಅವರು ಬರುವಷ್ಟರಲ್ಲಿ ಧಾರೆ ಮುಗಿದಿತ್ತು. ಮಾವ ಏನೂ ಅನ್ನಲಿಲ್ಲ. ಅಮ್ಮ ಇವತ್ತಿಗೂ ಅಂತಾಳೆ.

ಆಮೇಲೆ ಈ ಜಾತಿಯ ಅಕ್ಷರಗಳ ಬಗ್ಗೆ ಓದೋಕೆ ಶುರು ಮಾಡಿದೆ. ಇವುಗಳಲ್ಲಿ ಹೆಸರುವಾಸಿ ಸ್ನೆಲ್ ರೌಂಡ್‌ಹ್ಯಾಂಡ್. ಐಫೋನ್ ಇದ್ದವರ ಫೋನಲ್ಲೇ ಇದೆ. ಚಾರ್ಲ್ಸ್ ಸ್ನೆಲ್ ಅಂತ ಸುಮಾರು 300 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಬರವಣಿಗೆ ಮೇಷ್ಟ್ರು. ಅವರ ಕೈಬರಹ ನೋಡಿಕೊಂಡು ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ಲೈನೋಟೈಪ್ ಕಂಪನಿಗೆ ಈ ಫಾಂಟ್ ಮಾಡಿದರು. ಸೀಸದ ಅಚ್ಚುಮೊಳೆಯಲ್ಲಿ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ತುಂಡು. ಓರೆಯಾಗಿ ಕೂಡುವ ಬರಹ ಅದರಲ್ಲಿ ಸಲೀಸಾಗಿ ಕೂರುತ್ತಿರಲಿಲ್ಲ. ಫೋಟೋ ಟೈಪ್‌ಸೆಟ್ಟಿಂಗ್ ಬಂದ ಮೇಲೆ ಕೊಂಡಿ ಕಾಣದ ಹಾಗೆ ಜೋಡಿಸೋದು ಸುಲಭವಾಯ್ತು.

ಈ ಶೈಲಿಯ ಚೆಂದವೆಲ್ಲ ನಿಬ್ಬಿನದು. ಕೆಳಗೆಳೆಯುವಾಗ ಒತ್ತಿದರೆ ದಪ್ಪ, ಮೇಲೇರುವಾಗ ಹಗುರಾಗಿ ಬಿಟ್ಟರೆ ತೆಳು. ಅಕ್ಷರ ದೊಡ್ಡದಿದ್ದಾಗ ಆ ತೆಳು ಗೆರೆಯೇ ಸೊಗಸು, ಚಿಕ್ಕದಾದರೆ ಅದೇ ಮೊದಲು ಕಾಣೆ. ಅದಕ್ಕೇ ವಧೂವರರ ಹೆಸರು, ಕೇಕಿನ ಮೇಲಿನ ಎರಡು ಪದ, ಬೂಟೀಕ್‌ನ ಬೋರ್ಡು, ಪ್ರಶಸ್ತಿಪತ್ರದ ತಲೆಬರಹ ಇಷ್ಟಕ್ಕೆ ಸಾಕು. ಫೋಟೋ ಮೇಲೆ ಹಾಕಿ ಸ್ಟೇಟಸ್ ಇಡ್ತೀರಾ? ಹಿಂದೆ ಖಾಲಿ ಆಕಾಶವಾದ್ರೂ ಇರಲಿ. ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಂತೂ ಬೇಡವೇ ಬೇಡ. ಆ ಸುರುಳಿಗಳು ಪದದ ಮೊದಲಲ್ಲಿ ಒಂಟಿಯಾಗಿ ನಿಲ್ಲೋಕೆ ಹುಟ್ಟಿದವು, ಸಾಲಾಗಿ ನಿಲ್ಲಿಸಿದರೆ ಸಿಕ್ಕುಬಿದ್ದ ನೂಲು. ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದ್ರೆ ಕೊಂಡಿಗಳೂ ಕಡಿದು ಹೋಗ್ತವೆ.

ಕನ್ನಡಕ್ಕೆ? ಆ ಫಾಂಟಿನಲ್ಲಿ ಕನ್ನಡ ಇಲ್ಲ. ಟೈಪ್ ಮಾಡಿದರೆ ಫೋನು ತನ್ನ ಮಾಮೂಲಿ ಕನ್ನಡವನ್ನೇ ತೋರಿಸುತ್ತೆ. ನನಗದು ಬೇಜಾರೂ ಇಲ್ಲ. ನಮ್ಮ ಅಕ್ಷರ ಮೊದಲೇ ದುಂಡು, ಕೈಕೈ ಹಿಡಿಯದೆ ಬಿಡಿಬಿಡಿಯಾಗಿ ನಿಂತು ಒತ್ತಕ್ಷರವನ್ನು ಕೆಳಗೆ ಇಳಿಬಿಡುತ್ತೆ. ಅದಕ್ಕೆ ಬೇಕಿರೋದು ಸಾಲುಗಳ ನಡುವೆ ಒಂಚೂರು ಉಸಿರಾಡೋ ಜಾಗ.

ಅಂದಹಾಗೆ, ಇದೇ ಕಾರ್ಟರ್ ಮುಂದೆ 90ರ ದಶಕದಲ್ಲಿ ಮೈಕ್ರೋಸಾಫ್ಟ್‌ಗೆ ವರ್ಡಾನಾ ಮಾಡಿಕೊಟ್ಟರು. ಪರದೆ ಮೇಲೆ ಚಿಕ್ಕ ಅಕ್ಷರವೂ ಸ್ಪಷ್ಟವಾಗಿ ಕಾಣಲಿ ಅಂತ ಮಾಡಿದ ಫಾಂಟ್ ಅದು. ವಿಳಾಸಕ್ಕೆ ನಾನು ಬಳಸಬೇಕಿದ್ದದ್ದು ಅಂಥದ್ದು!

ಮುಂದಿನ ತಿಂಗಳು ತಂಗಿ ಮಗುವಿನ ನಾಮಕರಣ. ಕಾರ್ಡು ಮತ್ತೆ ನನ್ನದೇ. ಹೆಸರೊಂದು ಮಾತ್ರ ಬಳ್ಳಿ ಅಕ್ಷರದಲ್ಲಿ, ವಿಳಾಸ ದಪ್ಪ ಕನ್ನಡದಲ್ಲಿ, ‘ಏಳನೇ ಕ್ರಾಸ್’ ಅಂತ ಅಕ್ಷರದಲ್ಲೇ. ಮೊದಲ ಪ್ರೂಫ್ ಮಾವನಿಗೆ ಕಳಿಸಿದ್ದೀನಿ. ಕನ್ನಡಕ ಹಾಕದೇ ಓದಿ ಹೇಳ್ತೀನಿ ಅಂದಿದ್ದಾರೆ.