ಬ್ಯಾರಿಗೂ ಬೇಕು ಒಂದು ಬರಹದ ಬಳಗ

ಹಲವು ವರ್ಷ ಪ್ರಾಯೋಗಿಕ ಹಂತದಲ್ಲೇ ಇದ್ದ ತುಳು ವಿಕಿಪೀಡಿಯ ಪೂರ್ಣ ರೂಪ ಪಡೆದದ್ದು 2016ರಲ್ಲಿ. ಅದನ್ನು ನಡೆಸುವ ಮೀಡಿಯಾವಿಕಿ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಹಣ ತೆರದೆ ಬಳಸಬಹುದು, ತಿದ್ದಬಹುದು. ಕಾಯಬೇಕಾಗಿ ಬಂದದ್ದು ತಿಂಗಳುಗಟ್ಟಲೆ ಬಿಡದೆ ಬರೆಯುವ ಸ್ವಯಂಸೇವಕರಿಗಾಗಿ.

ನಮ್ಮ ಬ್ಯಾರಿ ಭಾಷೆಗೂ ಇದೇ ದಾರಿ ತೆರೆದಿದೆ. ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಬೇರೆ ಫಾಂಟ್ ಕೂಡ ಬೇಕಿಲ್ಲ. ಸಾಹಿತ್ಯ ಅಕಾಡೆಮಿಯಿದೆ, ನಿಜ. ಆದರೆ ಕೊಕ್ಕಡದ ವೃದ್ಧೆಯರ ನಾಲಗೆಯಲ್ಲಿರುವ ಗಾದೆ, ಒಗಟು, ಮದುವೆಯ ಹಾಡುಗಳನ್ನು ಅದು ಮನೆಮನೆಗೆ ಬಂದು ಬರೆದುಕೊಳ್ಳಲಾರದು. ಆ ಕೆಲಸ ಜಮಾಅತ್‌ನ ಯುವಕ ಯುವತಿಯರದು. ಮದ್ರಸದ ಒಂದು ಕೊಠಡಿ, ವಾರಕ್ಕೊಂದು ಸಂಜೆ, ಒಂದೆರಡು ಹಳೆಯ ಕಂಪ್ಯೂಟರ್ ಸಾಕು. (ವಾಟ್ಸ್‌ಆ್ಯಪ್ ಗುಂಪುಗಳಿಗಂತೂ ನಮ್ಮಲ್ಲಿ ಬರವಿಲ್ಲ!) ಗೊತ್ತಿದ್ದವರು ಇತರರಿಗೆ ಕಲಿಸಿ ಹಿಂದೆ ಸರಿಯಬೇಕು. ಪಾಸ್‌ವರ್ಡ್‌ಗಳೆಲ್ಲ ಒಬ್ಬನ ಬಳಿಯೇ ಉಳಿದರೆ, ಅವನು ಗಲ್ಫ್‌ಗೆ ಹೊರಟ ದಿನವೇ ಬಳಗವೂ ಚದುರುತ್ತದೆ.